ಕ್ಲೇಟನ್ ಹೆಸರಿನ ಪೀಪಾಯಿ

ಹೋಬರ್ಟ್ ರಿಗ್ಸ್‌ನ ಕೈ ಜೀವಮಾನದಲ್ಲಿ ತಪ್ಪಿದ್ದು ಒಂದೇ ಸಲ. ಬೇರೆ ಯಾವ ದಿನ ತಪ್ಪಿದ್ದರೂ ಜನ ನಕ್ಕು ಮರೆತುಬಿಡುತ್ತಿದ್ದರು. ಅವನ ಹಣೆಬರಹ, ಮಗ ಹುಟ್ಟಿದ ದಿನವೇ ತಪ್ಪಿತು.

ಕೆಂಟಕಿಯ ಆ ಕಣಿವೆಯಲ್ಲಿ ಹೊಟ್ಟೆಪಾಡಿಗೆ ಇದ್ದದ್ದು ಬರ್ಬನ್ ವಿಸ್ಕಿಯ ಭಟ್ಟಿಯೊಂದೇ. ಹೋಬರ್ಟ್ ಅಲ್ಲಿ ಗೋದಾಮಿನ ಆಳು. ತುಂಬಿದ ಪೀಪಾಯಿಯನ್ನು ಮರದ ಹಳಿಗಳ ಮೇಲೆ ಕತ್ತಲ ತುದಿಯವರೆಗೆ ಉರುಳಿಸಿಬಿಡಬೇಕು. ನಿಂತಾಗ ಅದರ ಹೊಟ್ಟೆಯ ಬಿರಡೆ ಮೇಲ್ಮುಖವಾಗಿರಬೇಕು. ಕೆಳಮುಖವಾದರೆ ಒಳಗಿನದು ಹನಿಹನಿಯಾಗಿ ಒಸರಿ ಹೋಗುತ್ತದೆ. ಆದ್ದರಿಂದ ಹೊರಡಿಸುವಾಗಲೇ ಬಿರಡೆ ಎತ್ತ ಇರಬೇಕೆಂಬ ಅಂದಾಜು ಬೇಕು. ಹಿಂದೆ ಇನ್ನೊಂದು ಪೀಪಾಯಿ ಬಂದು ಕೂತರೆ ಮುಗಿಯಿತು, ತಿರುಗಿಸಲು ಬರುವುದಿಲ್ಲ. ಈ ಕೆಲಸದಲ್ಲಿ ಹೋಬರ್ಟ್ ಎತ್ತಿದ ಕೈ. ಅದರ ಜಂಬವೂ ಅವನಿಗೆ ಕಡಿಮೆಯಿರಲಿಲ್ಲ.

ಕೆಲಸಗಾರರಿಗೆ ಮಗು ಹುಟ್ಟಿದರೆ ಒಂದು ಪೀಪಾಯಿಯ ಮೇಲೆ ಅದರ ಹೆಸರು ಬರೆದು ತಂದೆಯೇ ಒಳಗೆ ಉರುಳಿಸುವುದು ಅಲ್ಲಿಯ ಪದ್ಧತಿ. ಮಗುವಿನ ಮದುವೆಯ ದಿನ ಅದನ್ನು ತೆರೆಯುತ್ತಾರೆ. ಕ್ಲೇಟನ್ ಹುಟ್ಟಿದ ಬೆಳಿಗ್ಗೆ ಗೆಳೆಯರೆಲ್ಲ ಮೇಲಂತಸ್ತಿನಲ್ಲಿ ಸೇರಿ ಹೋಬರ್ಟನ ಬೆನ್ನು ಚಪ್ಪರಿಸುತ್ತಿದ್ದರು.

"ಕಣ್ ಮುಚ್ಕೊಂಡು ಉರುಳಿಸ್ತೀನಿ, ನೋಡ್ರೋ" ಎಂದ ಅವನು, ಹಾಗೇ ಮಾಡಿಯೂಬಿಟ್ಟ. ಆಮೇಲೆ ಟಾರ್ಚು ಬಿಟ್ಟು ನೋಡಿದರೆ ಬಿರಡೆ ಕಾಣಲಿಲ್ಲ. ಅಡಿಗೆ ಹೋಗಿತ್ತು.

"ಹೆಂಗೈತೋ?" ಎಂದು ಜತೆಯ ಆಳು ಲೀಲಂಡ್ ಕೇಳಿದ.

"ಹೆಂಗಿರ್ತದೆ? ಮೇಲಕ್ಕೇ ಐತೆ" ಎಂದು ಹೋಬರ್ಟ್ ಮುಂದಿನ ಪೀಪಾಯಿ ದೂಡಿದ.

ಅಷ್ಟೇ ನಡೆದದ್ದು. ನಾಳೆ ಯಾರೂ ಇಲ್ಲದಾಗ ಎಳೆದು ಸರಿಮಾಡೋಣ ಅಂದುಕೊಂಡ. ನಾಳೆಗೆ ಸಾಲು ಭರ್ತಿಯಾಗಿತ್ತು. ಎಷ್ಟೋ ವರ್ಷಗಳ ಮೇಲೆ ಆ ಸಾಲಿನ ಉಳಿದವೆಲ್ಲ ಹೊರಗೆ ಹೋದಾಗ ಇವನು ತುದಿಯವರೆಗೆ ಹೋಗಿ, ಹಲಗೆಯ ಮೇಲಿನ ಕಪ್ಪು ಕಲೆ ನೋಡಿ, ಪೀಪಾಯಿಯನ್ನು ಮುಟ್ಟದೆ ವಾಪಸು ಬಂದ. ಅದರ ಹಿಂದೆ ಹೊಸವು ಬಂದು ಸಾಲು ಮತ್ತೆ ತುಂಬಿತು. ಹೆಂಡತಿ ವಿಲ್ಮಾಗೂ ಹೇಳಲಿಲ್ಲ. ಅವಳು ಪೀಪಾಯಿ ಕಟ್ಟುವವನ ಮಗಳು, ಅವಳಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು.

ಕ್ಲೇಟನ್ ಮದುವೆಯಾಗಲಿಲ್ಲ. ಚಾವಣಿ ಹೊದಿಸುವ ಕೆಲಸಕ್ಕೆ ಹೋಗಿ ಬಿದ್ದು ಬೆನ್ನು ಮುರಿದುಕೊಂಡ. ನೋವಿಗೆಂದು ಕೊಟ್ಟ ಅಮಲಿನ ಗುಳಿಗೆಯ ಚಟ ನೋವು ಹೋದಮೇಲೂ ಬಿಡಲಿಲ್ಲ. ಆ ಕಣಿವೆಯ ಎಷ್ಟು ಮನೆಗಳಲ್ಲಿ ಹೀಗಾಯಿತೋ, ಲೆಕ್ಕವಿಟ್ಟವರಿಲ್ಲ. ಬಚ್ಚಲಮನೆಯಲ್ಲಿ ಸತ್ತು ಬಿದ್ದಿದ್ದ ಮಗನನ್ನು ಮೊದಲು ವಿಲ್ಮಾಳೇ ನೋಡಿದ್ದು.

ಮಣ್ಣು ಮಾಡಿ ಬಂದಮೇಲೆ ಅವಳು ಕೇಳಿದ್ದು ಒಂದೇ. "ಅವನ ಪೀಪಾಯಿ ತೆಗೆಸು ಹೋಬ್. ಗೋರಿ ಮೇಲೆ ಒಂದು ಲೋಟ ಹುಯ್ಯಬೇಕು."

"ಸಾಲು ಒಡೆಯೋ ಹಂಗಿಲ್ಲ ಕಣೇ" ಎಂದು ಅವನು ತಳ್ಳಿಹಾಕಿದ.

ಆದರೆ ಕಂಪನಿ ಹೊಸ ಭಟ್ಟಿ ಕಟ್ಟಿತು. ಹಳೆಯದನ್ನು ಕೆಡವುವ ಮುಂಚೆ ಗೋದಾಮು ಖಾಲಿ ಮಾಡಿ ಎಂದು ಅಪ್ಪಣೆಯಾಯಿತು. ಹೋಬರ್ಟನಿಗೆ ಹೇಳಲು ಇನ್ನೊಂದು ನೆಪ ಉಳಿಯಲಿಲ್ಲ.

ಕೊನೆಯ ಸಾಲು ತೆಗೆಯುವ ದಿನ ವಿಲ್ಮಾ ಶವಸಂಸ್ಕಾರಕ್ಕೆ ಉಟ್ಟಿದ್ದ ಕಪ್ಪು ಉಡುಪಿನಲ್ಲೇ ಬಂದಳು, ಕೈಯಲ್ಲಿ ಕ್ಲೇಟನ್ ಚಿಕ್ಕಂದಿನಲ್ಲಿ ಹಾಲು ಕುಡಿಯುತ್ತಿದ್ದ ತಗಡಿನ ಲೋಟ. ಲೀಲಂಡ್ ಪೀಪಾಯಿಯನ್ನು ಹೊರಕ್ಕೆ ಉರುಳಿಸಿದ. ತುಂಬಿದ್ದು ಗುಡುಗುತ್ತದೆ, ಇದು ಖಾಲಿ ಡಬ್ಬದಂತೆ ಸದ್ದು ಮಾಡಿತು. ಬಿರಡೆಯ ಸುತ್ತಲಿನ ಕಪ್ಪು ಕಲೆ ನೋಡಿ ಲೀಲಂಡ್ ಒಮ್ಮೆ ಹೋಬರ್ಟನ ಮುಖ ನೋಡಿದ. ವಿಲ್ಮಾಗೆ ಕಾಣದಂತೆ ಕಲೆಯ ಮಗ್ಗುಲನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದು ನಿಂತ.

"ದೇವದೂತರು ಕುಡಿದುಬಿಟ್ಟವ್ರೆ ವಿಲ್ಮಾ" ಎಂದ ಹೋಬರ್ಟ್. ಮರದೊಳಗಿಂದ ಆವಿಯಾಗಿ ಹೋದದ್ದನ್ನು ಭಟ್ಟಿಯವರು ದೇವದೂತರ ಪಾಲು ಅನ್ನುತ್ತಾರೆ.

"ಎಲ್ಲಾನೂ?"

"ಮೇಲಂತಸ್ತಲ್ವಾ. ತಗಡಿನ ಸೂರಿನ ಕಾವು."

ವಿಲ್ಮಾ ಖಾಲಿ ಲೋಟವನ್ನು ನೋಡುತ್ತ ನಿಂತಳು. "ಹಂಗಿದ್ರೆ ಅವನಿಗೂ ಸಿಕ್ಕಿರ್ತದೆ. ಅವನೂ ಅವರ ಜತೆಗೇ ಇದಾನಲ್ಲ" ಎಂದಳು. ಮಗ ಹೋದಮೇಲೆ ಅವಳ ಮುಖದಲ್ಲಿ ನಗು ಕಂಡದ್ದು ಆಗಲೇ. ಹೋಬರ್ಟನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಪೀಪಾಯಿ ಮನೆಗೆ ಬಂತು. ಕಲೆ ಗೋಡೆಗೆ ತಾಗುವಂತೆ ಹೋಬರ್ಟನೇ ಅದನ್ನು ಜಗಲಿಯಲ್ಲಿ ನಿಲ್ಲಿಸಿದ. ಆ ಊರಲ್ಲಿ ಹಳೆಯ ಪೀಪಾಯಿ ಸಿಕ್ಕರೆ ಎರಡು ಹೋಳು ಮಾಡಿ ಹೂಗಿಡ ನೆಡುತ್ತಾರೆ. ವಿಲ್ಮಾ ಅದಕ್ಕೆ ಗರಗಸ ಮುಟ್ಟಿಸಗೊಡಲಿಲ್ಲ. ದಿನಾ ಒರೆಸಿದಳು, ಪಕ್ಕ ಕೂತು ಮಗನೊಂದಿಗೆ ಮಾತಾಡಿದಳು, ಹೊತ್ತುಹೊತ್ತಿಗೆ ಉಣ್ಣತೊಡಗಿದಳು.

ಹೊಸ ಭಟ್ಟಿಗೆ ಗಾಜಿನ ಗೋಡೆ. ಪೀಪಾಯಿಗಳನ್ನು ಅಲ್ಲಿ ನೆಟ್ಟಗೆ ನಿಲ್ಲಿಸುತ್ತಾರೆ, ಯಂತ್ರ ಎತ್ತಿ ಪೇರಿಸುತ್ತದೆ. ಬಿರಡೆ ಎತ್ತ ನೋಡುತ್ತಿದೆಯೆಂದು ಕೇಳುವವರೇ ಇಲ್ಲ. ಎತ್ತಿದ ಕೈಯ ಹೋಬರ್ಟನನ್ನು, ಭಟ್ಟಿ ನೋಡಲು ಬರುವ ಪ್ರವಾಸಿಗರಿಗೆ ಶೌಚಾಲಯದ ದಾರಿ ತೋರಿಸಲು ಬಾಗಿಲಲ್ಲಿ ನಿಲ್ಲಿಸಿದ್ದರು.

ವಸಂತದಲ್ಲಿ ಒಂದು ಸಂಜೆ ಅವನು ಮನೆಗೆ ಬಂದಾಗ ಪೀಪಾಯಿ ಇತ್ತ ತಿರುಗಿತ್ತು. ವಿಲ್ಮಾ ಹಿಂದಿನ ಕಸ ಗುಡಿಸಲು ಸರಿಸಿದ್ದಳು. ಕಪ್ಪು ಕಲೆಯ ಮೇಲೆ ಅವಳ ಅಂಗೈ ಇತ್ತು.

"ಬಿರಡೆ ಕೆಳಗಿತ್ತು" ಎಂದಳು.

"ಹ್ಞೂಂ."

"ನಿನಗೆ ಯಾವತ್ತಿಂದ ಗೊತ್ತು?"

"ಅವನು ಹುಟ್ಟಿದ್ ದಿನದಿಂದ."

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು. ಅಳಲಿಲ್ಲ, ಬಯ್ಯಲೂ ಇಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಹಂಗಾದ್ರೆ ನನ್ ಮಗನಿಗೆ ಅದೂ ಸಿಗ್ಲಿಲ್ಲ" ಎಂದಳು. ಕಲೆಯ ಮೇಲಿಂದ ಅಂಗೈ ತೆಗೆದು, "ಗರಗಸ ತಗೊಂಡು ಬಾ" ಎಂದಳು.

ಹೋಬರ್ಟ್ ತಂದುಕೊಟ್ಟ.