ನಾನು ಕಟ್ಟಿದ ಹಗ್ಗ

ತೇಲುವ ವಸ್ತುಗಳ ಪಾಠವನ್ನು ನಾನು ಹದಿನೇಳು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ಹೇಳುತ್ತಾ ಬಂದಿದ್ದೇನೆ. ನಾನು ನೀರಿಗೆ ಇಳಿದದ್ದು ಮಾತ್ರ ಒಮ್ಮೆಯೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮಗಳು ಪಿಯುಸಿ ಮೊದಲ ವರ್ಷದಲ್ಲಿದ್ದಾಗ ಒಂದು ಸಂಜೆ ಬಂದು, ಕಾಲೇಜಿನಿಂದ ಕೃಷ್ಣಾ ನದಿಯ ಹಿನ್ನೀರಿನಲ್ಲಿ ಎರಡು ದಿನ, ಅರವತ್ತು ಕಿಲೋಮೀಟರ್ ಕಯಾಕ್ ನಡೆಸುತ್ತೇವೆ ಎಂದಳು. ಕಯಾಕ್ ಎಂದರೆ ಎರಡೂ ತುದಿ ಚೂಪಾದ, ಕಿರಿದಾದ ದೋಣಿ. ಒಳಗೆ ಕಾಲು ಚಾಚಿ ಕುಳಿತು ಎಡಕ್ಕೂ ಬಲಕ್ಕೂ ಹುಟ್ಟು ಹಾಕಬೇಕು. ಮಕ್ಕಳು ಅಷ್ಟು ದೂರ ಮುಗಿಸಿದರೆ, ಜನ ಕೊಟ್ಟ ದೇಣಿಗೆಯಲ್ಲಿ ಕಿವಿ ಕೇಳದ ಮಕ್ಕಳ ಶಾಲೆಯೊಂದಕ್ಕೆ ಶ್ರವಣಯಂತ್ರ ಕೊಡಿಸುತ್ತಾರಂತೆ.

"ನಮ್ಮ ಓಣ್ಯಾಗ ನಳ ಬರೋದ ನಾಕ್ ದಿನಕ್ಕೊಮ್ಮೆ. ನಿನಗ ದೋಣಿ ಹುಚ್ಚು ಎಲ್ಲಿಂದ ಹತ್ತಿತು ಬೇ?" ಎಂದೆ.

"ಅದಕ್ಕ ಹಿನ್ನೀರಿಗೆ ಹೊಂಟೀವಲ್ಲ ಅವ್ವಾ," ಎಂದಳು.

ನಾನು ಸಿಟ್ಟಾದದ್ದಕ್ಕೆ ಕಾರಣವಿತ್ತು. ತಿಕೋಟಾದ ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ವಿಜಯಪುರಕ್ಕೆ ಹೋಗಿ ಬಂದು ಬಿಎಸ್ಸಿ ಮುಗಿಸಿದೆ. ಆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ವಿಜಯಪುರದ ಇಬ್ರಾಹಿಂಪುರದಲ್ಲಿರುವ ಈಗಿನ ಮನೆಯ ಹೊರಕೋಣೆಯಲ್ಲಿ ತೂಗುಹಾಕಿದ್ದೇನೆ, ಬಂದವರ ಕಣ್ಣಿಗೆ ಬೀಳಲಿ ಅಂತಲೇ. ಅದರ ಕೆಳಗೆ ಕುಳಿತು ಓದಬೇಕಾದ ಹುಡುಗಿ ಅದೇ ಗೋಡೆಗೆ ಹುಟ್ಟು ಆನಿಸಿಟ್ಟು ಅಂಗೈಯ ಬೊಬ್ಬೆಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದಳು.

ದೇಣಿಗೆ ಕೇಳಲು ಬಬಲೇಶ್ವರದ ಸಂತೆಗೆ ಹೋದಾಗ ನಾನೂ ಜೊತೆಗೆ ಹೋಗಬೇಕಾಯಿತು. ಉಳ್ಳಾಗಡ್ಡಿ ಮಾರುತ್ತಿದ್ದ ಮುದುಕಿ ಕರಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಈ ಹುಡುಗ್ಯಾರು ದೋಣಿ ಹೊಡದ್ರ ಆ ಕೂಸುಗಳ ಕಿವಿ ಹೆಂಗ ಕೇಳಸ್ತಾವ್ರಿ ಟೀಚರಬಾಯಿ?" ಎಂದು ಕೇಳಿದಳು. ನನಗೂ ಅದೇ ಸಂಶಯ ಇತ್ತು. ಮಗಳು ಮೂರು ಸಲ ಬಿಡಿಸಿ ಹೇಳಿದಳು. ಮುದುಕಿ ಒಂದು ನೋಟು ಕೊಟ್ಟು, "ರೊಕ್ಕ ಇಸ್ಕೊಂಡು ಮನಿಗೆ ಹೋಗಬಾರದಾ, ನೀರಿಗ್ಯಾಕ ಬೀಳ್ತೀರಿ?" ಎಂದಳು. ಆ ತಿಂಗಳಲ್ಲಿ ನನ್ನ ಮನಸ್ಸಿನ ಮಾತು ಆಡಿದವಳು ಅವಳೊಬ್ಬಳೇ.

ಕಯಾಕಿನಲ್ಲಿ ಇಬ್ಬರು ಕೂರಬೇಕು. ಮಗಳ ಜೋಡಿಯಾಗಿ ಬಂದವಳು ಅವಳದೇ ಕ್ಲಾಸಿನ ಗೆಳತಿ. ಸಿದ್ಧೇಶ್ವರ ಗುಡಿ ಹತ್ತಿರ ಆ ಹುಡುಗಿಯ ತಂದೆಯ ಬಳೆ ಅಂಗಡಿ ಇದೆ. "ನಿಮ್ಮ ಮಗಳು ಜೋಡಿ ಇದ್ರ ನಮ್ಮಾಕಿನ್ನೂ ಕಳಸ್ತೀನ್ರಿ ಮೇಡಂ. ಆಕಿ ಬಿಟ್ರ ನಮ್ಮಾಕಿನ್ನೂ ಬಿಡಸ್ತೀನಿ," ಎಂದು ಅವರು ಮೊದಲೇ ಹೇಳಿದ್ದರು.

ಪ್ರತಿ ಭಾನುವಾರ ಬಬಲೇಶ್ವರದ ಆಚೆಯ ಕೆರೆಯಲ್ಲಿ ತರಬೇತಿ. ಹೇಳಿಕೊಡುವವರು ಸೈನ್ಯದಿಂದ ನಿವೃತ್ತರಾಗಿ ಬಂದವರು. ಒಂದು ದೋಣಿಯನ್ನು ವಾರದ ದಿನದ ಅಭ್ಯಾಸಕ್ಕೆಂದು ನಮಗೆ ಬಿಟ್ಟುಕೊಟ್ಟಿದ್ದರು. ಅದನ್ನು ತಿಕೋಟಾದ ನನ್ನ ತಮ್ಮನ ದ್ರಾಕ್ಷಿ ತೋಟದಲ್ಲಿ, ಕೃಷಿಹೊಂಡದಲ್ಲಿ ಇಳಿಸಿದೆವು. ಹೊಂಡಕ್ಕೆ ತಳದಿಂದ ದಂಡೆಯವರೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದಾರೆ. ತಮ್ಮನಿಗೆ ಸೋದರ ಸೊಸೆಯ ಚಿಂತೆಗಿಂತ ಹಾಳೆಯ ಚಿಂತೆ ಹೆಚ್ಚು. ದಂಡೆಗೆಲ್ಲ ಗೋಣಿಚೀಲ ಹಾಸಿ, "ಹಾಳಿ ಹರೀತಂದ್ರ ನಿಮ್ಮಿಬ್ಬರನ್ನೂ ತೋಟದಾಗ ದ್ರಾಕ್ಷಿ ಕಾಯಾಕ ಇಟ್ಕೋತೀನಿ ನೋಡ್ರಿ," ಎನ್ನುತ್ತಿದ್ದ.

ನಾನು ಒಂದೇ ಒಂದು ಷರತ್ತು ಹಾಕಿದೆ. ಮಗಳ ನಡುವಿಗೆ ಹಗ್ಗ ಕಟ್ಟಬೇಕು, ಇನ್ನೊಂದು ತುದಿ ತಮ್ಮನ ಕೈಯಲ್ಲಿರಬೇಕು. ನಮ್ಮ ಕಡೆ ಈಜು ಕಲಿಸುವುದೇ ಹಾಗೆ. ಬಾವಿಯಲ್ಲಿ ತಮ್ಮನಿಗೆ ಈಜು ಕಲಿಸುವಾಗ ಅಪ್ಪ ಅವನ ನಡುವಿಗೆ ಹಗ್ಗ ಬಿಗಿದು ಮೇಲೆ ನಿಲ್ಲುತ್ತಿದ್ದ, ಮುಳುಗಿದ ಕೂಡಲೇ ಎಳೆಯುತ್ತಿದ್ದ. ಹುಡುಗಿಯರನ್ನು ಬಾವಿಗೆ ಇಳಿಸುತ್ತಿರಲಿಲ್ಲ. ನಾನು ತಮ್ಮನ ಅಂಗಿ ಚಡ್ಡಿ ಹಿಡಿದುಕೊಂಡು ದಂಡೆಯಲ್ಲಿ ನಿಂತಿರುತ್ತಿದ್ದೆ. ಹೀಗಾಗಿ ಈಜಿನಲ್ಲಿ ನನಗೆ ಗೊತ್ತಿದ್ದದ್ದು ಹಗ್ಗದ ಭಾಗವಷ್ಟೇ.

"ಜಾಕೀಟ್ ಹಾಕ್ಕೊಂಡೀನಲ್ಲ ಅವ್ವಾ, ಹಗ್ಗ ಬ್ಯಾಡ," ಎಂದು ಮಗಳು ದಿನಾ ಹೇಳಿದಳು.

"ಹಗ್ಗ ಬ್ಯಾಡಾದ್ರ ದೋಣಿನೂ ಬ್ಯಾಡ," ಎಂದು ನಾನೂ ದಿನಾ ಹೇಳಿದೆ. ಗಂಟು ನಾನೇ ಹಾಕುತ್ತಿದ್ದೆ. ದೋಣಿ ವಾಲಿ ಅವಳು ನೀರಿಗೆ ಬಿದ್ದಾಗೊಮ್ಮೆ ತಮ್ಮ ಎಳೆದು ದಂಡೆಗೆ ತರುತ್ತಿದ್ದ.

ಒಂದು ತಿಂಗಳಾದ ಮೇಲೆ ಕೆರೆಯಲ್ಲಿ ಪರೀಕ್ಷೆ. ದೋಣಿ ಮಗುಚಿದಾಗ ಯಾರ ಸಹಾಯವೂ ಇಲ್ಲದೆ ಕಾಲು ಬಿಡಿಸಿಕೊಂಡು ಹೊರಗೆ ಬರಬೇಕು, ದೋಣಿಯನ್ನು ನೆಟ್ಟಗೆ ಮಾಡಿ ಮತ್ತೆ ಹತ್ತಬೇಕು. ಗೆಳತಿ ಮೀನಿನ ಹಾಗೆ ಮೇಲೆ ಬಂದಳು. ನನ್ನ ಮಗಳು ತಲೆಕೆಳಗಾಗಿ, ದೋಣಿಯ ಅಂಚು ಹಿಡಿದುಕೊಂಡು ಸುಮ್ಮನೆ ಇದ್ದುಬಿಟ್ಟಳು. ತರಬೇತುದಾರರೇ ಹಾರಿ ದೋಣಿ ಹೊರಳಿಸಿದರು. ಎರಡನೇ ಸಲವೂ ಹಾಗೇ.

"ಮುಂದಿನ ಐತವಾರ ಇನ್ನೊಂದು ಸಲ ನೋಡೂಣ್ರಿ ಮೇಡಂ. ಆಗಲೂ ಹಿಂಗಾದ್ರ ಇಬ್ಬರ ಹೆಸರೂ ತಗೀಬೇಕಾಗ್ತದ," ಎಂದರು.

ಬಾಡಿಗೆ ಜೀಪಿನಲ್ಲಿ ಬರುವಾಗ ಗೆಳತಿ ತನ್ನ ಟವೆಲ್ಲನ್ನೇ ಮಗಳ ಹೆಗಲಿಗೆ ಹೊದಿಸಿದಳು. ಅದು ನನಗೆ ಇನ್ನೂ ಕಷ್ಟವಾಯಿತು. ನಾನೇ ಬಾಯಿ ತಡೆಯಲಾರದೆ, "ಕಾಲು ಎಳಕೊಂಡು ಹೊರಗ ಬರೂದಕ್ಕ ಏನು ಧಾಡಿ ನಿನಗ?" ಎಂದೆ. ಮಗಳು ಕಿಟಕಿ ಕಡೆ ತಿರುಗಿ ಕುಳಿತಳು.

ಬುಧವಾರ ಹೊಂಡದಲ್ಲಿ, ಹಗ್ಗ ಕಟ್ಟಿಯೇ, ದೋಣಿ ಮಗುಚಿದರು. ಗೆಳತಿ ಮೇಲೆ ಬಂದಳು. ಮಗಳು ಬರಲಿಲ್ಲ. ತಮ್ಮ ಅಭ್ಯಾಸಬಲದಿಂದ ಹಗ್ಗ ಎಳೆದ. ಆದರೆ ಬಾವಿಯಲ್ಲಿ ದೋಣಿ ಇರುವುದಿಲ್ಲ. ಈ ಸಲ ಹಗ್ಗ ದೋಣಿಯ ಸುತ್ತ ಬಳಸಿಕೊಂಡಿತ್ತು. ಅವನು ಎಳೆದಷ್ಟೂ ಅವಳು ದೋಣಿಗೆ ಅಂಟಿಕೊಳ್ಳುತ್ತಿದ್ದಳು. ನಾನು "ಎಳೀ, ಎಳೀ" ಎನ್ನುತ್ತಿದ್ದೆ.

"ಮಾಮಾ, ಹಗ್ಗಾ ಬಿಡ್ರಿ," ಎಂದು ಗೆಳತಿ ಕೂಗಿದಳು. "ಬಿಡ್ರಿ ಅಂದ್ರ ಬಿಡ್ರಿ."

ತಮ್ಮ ಬಿಟ್ಟ. ಗೆಳತಿ ಮುಳುಗಿ ಅವಳನ್ನು ಬಿಡಿಸಿ ಮೇಲೆ ತಂದಳು. ಗೋಣಿಚೀಲದ ಮೇಲೆ ಕುಳಿತು ಮಗಳು ಬಹಳ ಹೊತ್ತು ಕೆಮ್ಮಿದಳು. ನಾನು ಹಾಕಿದ ಗಂಟು ನೀರು ಕುಡಿದು ಬಿಗಿದಿತ್ತು, ಬೆರಳಿಗೆ ಬಿಚ್ಚಿಕೊಳ್ಳಲಿಲ್ಲ. ತಮ್ಮ ದ್ರಾಕ್ಷಿ ಕತ್ತರಿ ತಂದು ಕತ್ತರಿಸಿದ. ಹಾಳೆಯ ವಿಚಾರ ಅವನು ಅವತ್ತು ಎತ್ತಲೇ ಇಲ್ಲ.

ತರಬೇತುದಾರರಿಗೆ ನಾನೇ ಫೋನ್ ಮಾಡಿ ಹೇಳಿದೆ. "ಹಗ್ಗ ಕಟ್ಟೀರಿ ಅಂತ ನನಗ ಒಂದು ಮಾತು ಹೇಳಬಾರದೇನ್ರಿ?" ಎಂದರು. "ಒಂದು ತಿಂಗಳು ಮುಳುಗಿದಾಗೊಮ್ಮೆ ಯಾರೋ ಎಳದಾರ. ಕೆರ್‍ಯಾಗೂ ಆಕಿ ಎಳಿಯವರನ್ನ ಕಾಯಾಕತ್ತಿದ್ಲು. ಆಕಿಗೆ ಅಂಜಿಕಿ ಇಲ್ರಿ ಮೇಡಂ. ರೂಢಿ ಆಗೇದ."

ಫೋನ್ ಇಟ್ಟು ಹೊರಕೋಣೆಯಲ್ಲಿ ಕುಳಿತೆ. ಎದುರಿಗೆ ನನ್ನ ಪ್ರಮಾಣಪತ್ರ. ಬಿಎಸ್ಸಿ ಓದಿದವಳಿಗೆ ಇಷ್ಟು ಹೊಳೆಯಲಿಲ್ಲ. ನನ್ನ ಮೇಲೆ ನನಗೇ ಬಂದ ಸಿಟ್ಟು ಹೇಳತೀರದು. ಮಗಳಿಗೆ, "ಜೀಪಿನ್ಯಾಗ ಬೈದದ್ದು ನಂದು ತಪ್ಪು," ಎಂದೆ. "ಗೊತ್ತೈತಿ," ಎಂದಳು.

ಗುರುವಾರದಿಂದ ಹಗ್ಗವಿಲ್ಲ. ತರಬೇತುದಾರರು ತಾವೇ ತಿಕೋಟಾಕ್ಕೆ ಬಂದು, ಮೊಳಕಾಲು ಎತ್ತರದ ನೀರಲ್ಲಿ ನಿಲ್ಲುವವರ ಹಾಗೆ ನಿಶ್ಚಿಂತೆಯಿಂದ ಹೊಂಡಕ್ಕಿಳಿದು ಅವಳ ಪಕ್ಕದಲ್ಲೇ ತೇಲುತ್ತಾ ಹೇಳಿಕೊಟ್ಟರು. ಮಗುಚಿದಾಗಲೂ ಅವರು ಅವಳನ್ನು ಮುಟ್ಟಲಿಲ್ಲ. ನಾನು ದಂಡೆಯಲ್ಲಿ ಸೆರಗು ಹಿಂಡುತ್ತಾ ನಿಂತಿದ್ದೆ, ತಮ್ಮ ನನ್ನನ್ನು ತೋಟದೊಳಗೆ ಕಳಿಸಿಬಿಟ್ಟ.

ಭಾನುವಾರ ಕೆರೆಯಲ್ಲಿ ಅವಳು ಮಗುಚಿದಾಗ ನಾನು ಮನಸ್ಸಿನಲ್ಲಿ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು. ಐದಕ್ಕೆ ತಲೆ ಮೇಲೆ ಬಂತು. ಮೂಗಿನ ನೀರು ಒರೆಸಿಕೊಂಡು ಗೆಳತಿಗೆ, "ಹುಟ್ಟು ಎಲ್ಲಿ ಹೋತಲೇ, ಹಿಡೀ ಅದನ್ನ," ಎಂದಳು. ಇಬ್ಬರೂ ಸೇರಿ ದೋಣಿ ಹೊರಳಿಸಿ, ಒಬ್ಬೊಬ್ಬರಾಗಿ ಹೊಟ್ಟೆ ಮೇಲೆ ತೆವಳಿ ಹತ್ತಿದರು. ತರಬೇತುದಾರರು ಪಟ್ಟಿಯಲ್ಲಿ ಎರಡು ಹೆಸರಿಗೂ ಗುರುತು ಹಾಕಿದರು. ಮಗಳು ದಂಡೆಯ ಕಡೆ ನೋಡಲೂ ಇಲ್ಲ.

ನಮ್ಮ ಅಭ್ಯಾಸದ ದೋಣಿಯನ್ನು ತಿಕೋಟಾಕ್ಕೆ ವಾಪಸ್ ಒಯ್ಯಲು ತಮ್ಮ ದ್ರಾಕ್ಷಿ ಒಯ್ಯುವ ಟೆಂಪೋ ತಂದಿದ್ದ. ಕಟ್ಟಲು ಹಗ್ಗ ಬೇಕೆಂದ. ನನ್ನ ಚೀಲದಲ್ಲಿ ಅದೇ ಹಗ್ಗವಿತ್ತು, ಎರಡು ತುಂಡಾಗಿ. ಯಾಕೆ ತಂದಿದ್ದೆನೋ ನನಗೂ ಗೊತ್ತಿಲ್ಲ. ತೆಗೆದು ಕೊಟ್ಟು, ಒಂದು ತುದಿಗೆ ಗಂಟು ಹಾಕಲು ಹೋದೆ.

"ಅಕ್ಕಾ," ಎಂದ ತಮ್ಮ, "ಗಂಟು ನಾ ಹಾಕ್ತೀನಿ. ನೀ ದೂರ ನಿಂದ್ರು."

ದೂರ ನಿಂತೆ.