ಮನೆ ಹುಡುಗಿ ಮನೆಗೇ

ಹೊನಗೊನ್ನೆ ಸೊಪ್ಪಿನ ಹಸಿ ವಾಸನೆ ಬಂದರೆ ಇವತ್ತಿಗೂ ನನ್ನ ಎದೆ ಧಸಕ್ಕೆನ್ನುತ್ತದೆ. ಮೊನ್ನೆ ಗಾಂಧಿ ಬಜಾರಿನಲ್ಲಿ ಕೊಳ್ಳಲೆಂದು ಬಗ್ಗಿದವಳು ಬರಿಗೈಲಿ ಎದ್ದು ಬಂದೆ. ಚಾಮರಾಜಪೇಟೆಯ ಅಜ್ಜಿಯ ಮನೆಯಲ್ಲಿ ದಿನಾ ಆ ಸೊಪ್ಪಿನ ಪಲ್ಯ. ಕಣ್ಣಿಗೆ ಒಳ್ಳೆಯದೆಂದು ನಮಗೆಲ್ಲ ಬಡಿಸಿ, ಗಿರಿಯ ತಟ್ಟೆಗೆ ಅಜ್ಜಿ ಇನ್ನೊಂದು ಸೌಟು ಹಾಕುತ್ತಿದ್ದಳು. ಗಿರಿ ನನ್ನ ಸೋದರತ್ತೆಯ ಮಗ. ಅತ್ತೆಯನ್ನು ಅವಳ ಸೋದರಮಾವನಿಗೇ, ಅಂದರೆ ಅಜ್ಜಿಯ ತಮ್ಮನಿಗೇ ಕೊಟ್ಟಿದ್ದರು, ಎಲ್ಲರೂ ಆ ಮನೆಯಲ್ಲೇ ಇದ್ದೆವು. ದೀಪ ಹಚ್ಚುವ ಹೊತ್ತಾದರೆ ಗಿರಿ ಗೋಡೆ ಸವರಿಕೊಂಡು ನಡೆಯುತ್ತಿದ್ದ. ಅಜ್ಜಿಯ ಅಣ್ಣನಿಗೂ ಹೀಗೇ ಶುರುವಾಗಿ ಕೊನೆಗೆ ಏನೂ ಕಾಣದಾಯಿತಂತೆ. ಸಂಜೆಯಾಗುತ್ತಲೇ ಮನೆಯವರೆಲ್ಲ ಮಾತು ನಿಲ್ಲಿಸಿ ಅವನ ಹೆಜ್ಜೆ ಆಲಿಸುತ್ತಿದ್ದರು. ಹಿತ್ತಲಲ್ಲಿ ಬಕೆಟ್ಟು ಉರುಳಿದ ಸದ್ದಾದರೆ ಅತ್ತೆ ಹೊಸೆಯುತ್ತಿದ್ದ ಬತ್ತಿ ಬಿಟ್ಟು ಓಡುತ್ತಿದ್ದಳು. ಅಂಥ ಭಯ ನಾನು ಮತ್ತೆಲ್ಲೂ ಪಟ್ಟಿಲ್ಲ.

ಕಣ್ಣಾಸ್ಪತ್ರೆಯವರು ಇದಕ್ಕೆ ಮದ್ದಿಲ್ಲವೆಂದರು. ನಾಗದೋಷವಿರಬಹುದೆಂದು ಶಾಂತಿಯೂ ಆಯಿತು. ಅಜ್ಜಿಯ ಚಿಂತೆ ಬೇರೆಯೇ. ವಿಷಯ ತಿಳಿದರೆ ಹೊರಗಿನವರು ಯಾರು ಹೆಣ್ಣು ಕೊಡುತ್ತಾರೆ? "ಮನೆ ಹುಡ್ಗಿ ಮನೇಲೇ ಇರ್ಲಿ. ನಮ್ಮವಳಾದ್ರೆ ಅವ್ನ ಕೈ ಬಿಡಲ್ಲ," ಎಂದು ನನ್ನ ತಲೆ ಸವರುತ್ತಿದ್ದಳು. ನನಗೂ ಬೇಡವಾಗಿರಲಿಲ್ಲ. ಗಿರಿಯೆಂದರೆ ನನಗೆ ಪ್ರಾಣ, ಈ ವಯಸ್ಸಿನಲ್ಲಿ ಹೇಳಿಕೊಳ್ಳಲು ನಾಚಿಕೆಯೇನು?

ಪಿಯುಸಿಗೆ ಬರುವಷ್ಟರಲ್ಲಿ ಅವನಿಗೆ ಪುಸ್ತಕದ ಅಕ್ಷರವೂ ಮಸುಕಾಗಿತ್ತು. ಪಡಸಾಲೆಯಲ್ಲಿ ಕೂತು ಅವನ ಜೀವಶಾಸ್ತ್ರ ನಾನೇ ಓದುತ್ತಿದ್ದೆ. ಅವತ್ತು ಬಟಾಣಿ ಗಿಡದ ಪಾಠ. ಪ್ರತಿ ಗುಣಕ್ಕೂ ಅಪ್ಪನಿಂದ ಒಂದು ಅಂಶ, ಅಮ್ಮನಿಂದ ಒಂದು. ಗಿಡ್ಡ ಗುಣ ಉದ್ದ ಗುಣದ ಹಿಂದೆ ಅಡಗಿರುತ್ತದೆ, ಎರಡೂ ಕಡೆಯಿಂದ ಗಿಡ್ಡವೇ ಬಂದಾಗ ಮಾತ್ರ ಹೊರಬೀಳುತ್ತದೆ. "ಇನ್ನೊಂದ್ಸಲ ಓದು," ಎಂದ. ಓದಿದೆ. ಬೆರಳು ಮಡಚಿ ಲೆಕ್ಕ ಹಾಕುತ್ತಾ ಹೇಳಿದ, "ನಮ್ಮಪ್ಪ ಅಮ್ಮ ಇಬ್ರಿಗೂ ಕಣ್ಣು ಚೆನ್ನಾಗಿದೆ. ಒಂದೇ ಮನೆಯವ್ರಲ್ವಾ, ಇಬ್ರಲ್ಲೂ ಅದೇ ಅಡಗಿತ್ತು. ನಂಗೆ ಎರಡೂ ಬಂತು. ನಿಮ್ಮಪ್ಪನೂ ಇದೇ ಮನೆಯವ್ರು. ನಿನ್ನಲ್ಲೂ ಒಂದು ಅಡಗಿರ್ಬಹುದು ಕಣೇ." ಯಾವುದನ್ನು ದೂರವಿಡಬೇಕಿತ್ತೋ ಅದನ್ನೇ ಅಜ್ಜಿ ತಲೆಮಾರಿನಿಂದ ತಲೆಮಾರಿಗೆ ಹತ್ತಿರ ತಂದು ಗಂಟು ಹಾಕುತ್ತಿದ್ದಳು, ಅದೂ ಪ್ರೀತಿಯಿಂದ.

ಆ ವಾರವೇ ಅವನು ಅಡುಗೆಮನೆ ಬಾಗಿಲಲ್ಲಿ ನಿಂತು ಅಜ್ಜಿಗೆ ಹೇಳಿದ. "ಇವಳನ್ನ ಹೊರಗಡೆ ಕೊಟ್ಬಿಡಜ್ಜಿ. ಹುಟ್ಟೋ ಮಕ್ಕಳು ನನ್ ಥರ ಗೋಡೆ ಸವರೋದು ಬೇಡ." ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಎಷ್ಟೋ ದಿನ ಅವನನ್ನು ಮಾತಾಡಿಸಲಿಲ್ಲ.

ಆ ಮನೆ ಈಗಿಲ್ಲ, ಸಾಲಾಗಿ ಅಂಗಡಿಗಳೆದ್ದಿವೆ. ಅಜ್ಜಿ, ಅತ್ತೆ, ಮಾವ ಯಾರೂ ಇಲ್ಲ. ಹೋದ ವರ್ಷ ಗಿರಿಯೂ ಹೋದ, ಮದುವೆಯಾಗದೆಯೇ. ನನ್ನನ್ನು ಮಲ್ಲೇಶ್ವರದ ಹೊರ ಸಂಬಂಧಕ್ಕೆ ಕೊಟ್ಟಿದ್ದರು. ಮಗಳ ನಾಮಕರಣಕ್ಕೆ ಬಂದಾಗ ಗಿರಿಗೆ ಹಗಲೂ ಕತ್ತಲೆಯೇ ಆಗಿತ್ತು. ಕೈ ಹಿಡಿದು ತೊಟ್ಟಿಲ ಹತ್ತಿರ ಕರೆದೊಯ್ದೆ. ಬೆರಳ ತುದಿಯಿಂದ ಮಗುವಿನ ಹಣೆ, ಕೆನ್ನೆ ಮುಟ್ಟಿ, "ಯಾರ ಥರ ಇದಾಳೆ?" ಎಂದು ಕೇಳಿದ.

"ಮೂಗು ಅಜ್ಜೀದೇ. ನಿಂದೂ ಅದೇ ಅಲ್ವಾ," ಎಂದೆ.

ಅವನ ಬೆರಳು ಮೂಗಿನ ಮೇಲೆ ತಡೆಯಿತು, ನಿದ್ದೆಯಲ್ಲಿ ಮುಚ್ಚಿದ್ದ ರೆಪ್ಪೆಯವರೆಗೆ ಹೋಗಿ ಹಿಂದೆ ಸರಿಯಿತು.

"ಮೂಗೊಂದೇ ಬಂದಿರ್ಲಿ," ಎಂದ.