ಎಣ್ಣೆ ಬ್ರೇಕಿನ ಬಸ್ಸೂ ಹೊಳಲಿನ ಚಿಕ್ಕಬೋರಯ್ಯನೂ

ಡ್ರೈವರ್‌ಗಳ ವಿಷಯದಲ್ಲಿ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಮದ್ದೂರು ರೈಲ್ವೆ ಸ್ಟೇಷನ್ನಿನಿಂದ ಮಳವಳ್ಳಿಗೆ, ಅಲ್ಲಿಂದ ಕಿರುಗಾವಲಿಗೆ ಓಡುತ್ತಿದ್ದ ಬಸ್ಸಿನಲ್ಲಿ ನಾನು ಕಂಡಕ್ಟರಾಗಿದ್ದವನು. ಎಷ್ಟೋ ಡ್ರೈವರ್‌ಗಳ ಪಕ್ಕ ನಿಂತು ಬೆವರಿದ್ದೇನೆ. ಸ್ಟೀರಿಂಗು ಕೈಗೆ ಬಂದ ಕೂಡಲೇ ಮನುಷ್ಯನಿಗೆ ತಾನು ಪಾಳೇಗಾರ ಅನ್ನಿಸಿಬಿಡುತ್ತದೆ. ಕಂಡಕ್ಟರನೆಂದರೆ ಅವರ ಲೆಕ್ಕಕ್ಕೇ ಇಲ್ಲ. ಬೀಡಿ ಬೇಕಾದಾಗ ಮಾತ್ರ ಶಿವಯ್ಯ ಎಂಬ ನನ್ನ ಹೆಸರು ನೆನಪಾಗುತ್ತಿತ್ತು. ಇಷ್ಟೆಲ್ಲ ಬೈದ ಮೇಲೆ ನಾನು ಬಾಯ್ತುಂಬ ಹೊಗಳಲು ಹೊರಟಿರುವುದೂ ಒಬ್ಬ ಡ್ರೈವರನ್ನೇ. ಅವನು ಹೊಳಲಿನ ಚಿಕ್ಕಬೋರಯ್ಯ.

ಅವನು ಹುಟ್ಟಿದ್ದು ಗಾಡಿ ಹೊಡೆಯುವವರ ಮನೆಯಲ್ಲಿ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದ ಹೊಸದರಲ್ಲಿ ಅಪ್ಪನೂ ಮಗನೂ ಗಾಡಿ ಕಟ್ಟಿಕೊಂಡು ಅದಕ್ಕೆ ಕಬ್ಬು ಸಾಗಿಸುತ್ತಿದ್ದರು. ತುಂಬಿದ ಗಾಡಿಯನ್ನು ಎಳೆಯುವುದು ದೊಡ್ಡ ಕೆಲಸವಲ್ಲ, ಅದನ್ನು ಎತ್ತುಗಳು ನೋಡಿಕೊಳ್ಳುತ್ತವೆ. ಇಳಿಜಾರಿನಲ್ಲಿ ಅದು ಎತ್ತಿನ ಬೆನ್ನ ಮೇಲೆ ನುಗ್ಗದಂತೆ ತಡೆಯುವುದೇ ಕಷ್ಟ. ಅದಕ್ಕೆಂದು ಗಾಡಿಯ ಹಿಂದೆ ಒಂದು ಅಡ್ಡಮರ ಕಟ್ಟಿರುತ್ತಾರೆ. ಹಗ್ಗ ಎಳೆದರೆ ಅದು ಚಕ್ರಕ್ಕೆ ಒತ್ತಿಕೊಳ್ಳುತ್ತದೆ. ಬಿರಿ ಎನ್ನುವುದು ಅದಕ್ಕೇ. ಹಗ್ಗ ಎಳೆಯುವವನು ಬಾಯಲ್ಲಿ "ಹೋ..." ಎಂದು ನೀಳವಾಗಿ ಕೂಗಬೇಕು, ಆ ಕೂಗಿಗೆ ಎತ್ತುಗಳು ಹೆಜ್ಜೆ ಸಣ್ಣ ಮಾಡುತ್ತವೆ. ಹಗ್ಗ ಬಿಗಿಯುವುದೂ ಕೂಗು ಮುಗಿಯುವುದೂ ಎತ್ತು ನಿಲ್ಲುವುದೂ ಒಟ್ಟಿಗೇ ಆಗಬೇಕು. ಚಿಕ್ಕಬೋರಯ್ಯನಿಗೆ ಇದು ಮಾತು ಕಲಿತಷ್ಟೇ ಸಲೀಸಾಗಿ ಬಂದಿತ್ತು.

ಒಂದು ಮಳೆಗಾಲದಲ್ಲಿ ನಮ್ಮ ಬಸ್ಸು ಹಳ್ಳದ ಕೆಸರಿನಲ್ಲಿ ಹೂತುಕೊಂಡಿತು. ಅಂದು ಬಸ್ಸಿನಲ್ಲಿ ಮಾಲೀಕರೂ ಇದ್ದರು: ಮಳವಳ್ಳಿಯ ಅಫ್ಸರ್ ಪಾಷಾ, ಹುರಿಮೀಸೆ, ಮೂಗಿನ ತುದಿಯಲ್ಲೇ ಕೋಪ, ಮೃದುವಾದ ಮನಸ್ಸು. ಅದೇ ದಾರಿಯಲ್ಲಿ ಬಂದ ಚಿಕ್ಕಬೋರಯ್ಯ ಎತ್ತು ಕಟ್ಟಿ ಬಸ್ಸನ್ನು ಮೇಲಕ್ಕೆಳೆದ. ಎಳೆದವನು ಮನೆಗೆ ಹೋಗಬೇಕೋ ಬೇಡವೋ, ಬಸ್ಸಿನ ಸುತ್ತ ಸುತ್ತಿದ, ಬಗ್ಗಿ ಅಡಿಯೆಲ್ಲ ನೋಡಿದ.

"ಏನ್ ಹುಡುಕ್ತಿದ್ದೀಯೋ?" ಎಂದರು ಪಾಷಾ.

"ಇದುಕ್ಕೆ ಬಿರಿ ಎಲ್ಲೈತೆ ಸಾಮಿ?"

ಪಾಷಾ ಸಾಹೇಬರಿಗೆ ನಗು ಬಂತು. ಬಸ್ಸು ಕಂಡ ಹಳ್ಳಿಯವರೆಲ್ಲ ಅದು ಎಷ್ಟು ಜೋರಾಗಿ ಓಡುತ್ತದೆಂದು ಕೇಳುತ್ತಿದ್ದರು. ಹೇಗೆ ನಿಲ್ಲುತ್ತದೆಂದು ಕೇಳಿದವನು ಇವನೊಬ್ಬನೇ. ಆ ಒಂದು ಪ್ರಶ್ನೆಗೆ ಅವರು ಅವನನ್ನು ಕ್ಲೀನರ್ ಮಾಡಿಕೊಂಡರು, ಆಮೇಲೆ ಡ್ರೈವರ್ ಮಾಡಿದರು. ಅವನು ಎತ್ತುಗಳನ್ನು ಮಾರಿ ಹೆಂಡತಿ ಪಟ್ಟಲಮ್ಮನೊಂದಿಗೆ ಮಳವಳ್ಳಿಗೆ ಬಂದು ಬಿಡಾರ ಹೂಡಿದ.

ಆ ಹಳೆಯ ಬಸ್ಸಿಗೆ ಇದ್ದದ್ದು ಕಂಬಿ ಬ್ರೇಕು. ಪೆಡಲಿನಿಂದ ಚಕ್ರದವರೆಗೂ ಕಬ್ಬಿಣದ ಸರಳು, ತುಳಿದರೆ ಸರಳು ಎಳೆಯಬೇಕು. ಚಿಕ್ಕಬೋರಯ್ಯ ಮೈಭಾರವನ್ನೆಲ್ಲ ಕಾಲಿಗೆ ಹಾಕಿ, ಮೂಗುದಾರ ಜಗ್ಗುವವನಂತೆ ಸ್ಟೀರಿಂಗನ್ನು ಎದೆಗೆಳೆದುಕೊಂಡು "ಹೋ..." ಎಂದು ಕೂಗುತ್ತಿದ್ದ. ಕಿವಿಗೆ ಕೂಗು ಬಿದ್ದದ್ದೇ ತಡ, ಜನ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಿದ್ದರು. ಬಸ್ಸು ತನ್ನ ಪುರುಸೊತ್ತಿನಲ್ಲಿ ನಿಲ್ಲುತ್ತಿತ್ತು. ಹೊಸಬರು ನಗುತ್ತಿದ್ದರು, ನಮ್ಮ ದಾರಿಯವರು ಯಾರೂ ನಗುತ್ತಿರಲಿಲ್ಲ.

ಯುರೋಪಿನಲ್ಲಿ ಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮೊದಲು ಪಾಷಾ ಹೊಸ ಬಸ್ಸು ತಂದರು. ಮುಂದುಗಡೆ ಹೊಳೆಯುವ ಜಾಲರಿ, ಕರೆಂಟಿನ ಹಾರನ್ನು, ಹೆಂಗಸರ ಸೀಟಿಗೆ ಹೊಸ ಹಸಿರು ಪರದೆ. ಚಕ್ರಕ್ಕೆ ನಿಂಬೆಹಣ್ಣೂ ಆಯಿತು, ಬಾನೆಟ್ಟಿನ ಮುಂದೆ ಫಾತಿಹಾ ಓದಿ ಪ್ರಾರ್ಥಿಸಿದ್ದೂ ಆಯಿತು. ಚಿಕ್ಕಬೋರಯ್ಯ ಮಾತ್ರ ಎಂದಿನಂತೆ ಬಸ್ಸಿನ ಅಡಿಗೆ ನುಸುಳಿದ. ಅಲ್ಲಿ ಆಗಲೇ ಮೆಕ್ಯಾನಿಕ್ ಖಾಸಿಂ ಮಲಗಿದ್ದ.

"ಸರಳು ಎಲ್ಲಿ ಓಯ್ತ್ಲಾ?"

"ಸರಳು ಇಲ್ಲ. ಇದು ಎಣ್ಣೆ ಬ್ರೇಕು. ಈ ಪೈಪಲ್ಲಿ ಎಣ್ಣೆ ಐತೆ ನೋಡು, ಅದೇ ಇಡಿಯೋದು."

"ಎಣ್ಣೆ ಅಂದ್ರೆ ಜಾರೋದು ಕಣ್ಲಾ. ಜಾರೋದು ಎಂಗ್ಲಾ ಇಡ್ಕತದೆ?"

"ಸಂತೆ ದಿನ ನಮ್ ಬಸ್ಸಲ್ಲಿ ಇಂದ್ಗಡೆ ಒಬ್ಬ ನುಗ್ಗುದ್ರೆ ಮುಂದ್ಗಡೆ ಕುಂತೋನ ಮೂಗು ಗಾಜಿಗೆ ತಾಗಲ್ವಾ? ಅಂಗೇಯ. ಪೈಪ್ ತುಂಬ ಎಣ್ಣೆ, ಸರಿಯಕ್ಕೆ ಜಾಗ ಇಲ್ಲ. ನೀನಿಲ್ಲಿ ಒತ್ತುದ್ರೆ ನಾಕು ಚಕ್ರಕ್ಕೂ ಒಂದೇ ಸಲ ಒತ್ತತದೆ. ಮೆತ್ಗೆ ತುಳುದ್ರೆ ಸಾಕು."

ಚಿಕ್ಕಬೋರಯ್ಯ ನಂಬಲಿಲ್ಲ. ಕಣ್ಣಿಗೆ ಕಾಣುವ ಹಗ್ಗವನ್ನೂ ಸರಳನ್ನೂ ನಂಬಿ ಬದುಕಿದವನಿಗೆ ಪೈಪಿನೊಳಗಿನ ಎಣ್ಣೆಯ ಮೇಲೆ ಹೇಗೆ ನಂಬಿಕೆ ಬರಬೇಕು? ಅದು ಸಾಲದು ಎಂಬಂತೆ ಪಾಷಾ ಒಂದು ಅಪ್ಪಣೆ ಹೊರಡಿಸಿದರು.

"ನೋಡು, ಇದು ಹೊಸಾ ಗಾಡಿ. ಹಾರನ್ ಐತೆ. ಇನ್ಮೇಲೆ ಆ ಹೋ ಗೀ ಎಲ್ಲ ಬೇಡ. ಮೈಸೂರು ಕಡೆಯವರು ನಗ್ತಾರೆ."

ಚಿಕ್ಕಬೋರಯ್ಯ ಬಾಯಿ ಮುಚ್ಚಿಕೊಂಡ. ಮೊದಲ ಟ್ರಿಪ್ಪಿನಲ್ಲೇ ಅದರ ಫಲ ನಮಗೆಲ್ಲ ಸಿಕ್ಕಿತು. ಮದ್ದೂರು ಸ್ಟೇಷನ್ನಿನ ಮುಂದೆ ಅವನು ಹಳೆಯ ಅಭ್ಯಾಸದಂತೆ ಮೈಭಾರವನ್ನೆಲ್ಲ ಹಾಕಿ ತುಳಿದ. ಕಂಬಿ ಬ್ರೇಕಾಗಿದ್ದರೆ ಬಸ್ಸು ಯೋಚಿಸಿಕೊಂಡು ನಿಲ್ಲುತ್ತಿತ್ತು. ಇದು ಗೋಡೆಗೆ ಗುದ್ದಿದಂತೆ ನಿಂತಿತು. ಬೆಳ್ಳಮ್ಮನೆಂಬ ತರಕಾರಿ ಹೆಂಗಸಿನ ಬದನೆಕಾಯಿಯೆಲ್ಲ ಡ್ರೈವರನ ಕಾಲಡಿ ಸೇರಿತು. ನಾನು ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರ ತೊಡೆಯ ಮೇಲೆ ಕೂತಿದ್ದೆ. ಪರದೆಯ ಹಿಂದಿನಿಂದ ಉರ್ದುವಿನಲ್ಲಿ ಮಂಗಳಾರತಿ ಶುರುವಾಯಿತು, ಅದರ ಅರ್ಥ ನಾನು ಬಿಡಿಸಿ ಹೇಳುವುದಿಲ್ಲ.

ಒಂದು ದಿನ ಆದರೆ ತಮಾಷೆ, ದಿನವೂ ಆದರೆ? ಮೆತ್ತಗೆ ತುಳಿಯಲು ಹೋದರೆ ನಿಲ್ಲುತ್ತದೋ ಇಲ್ಲವೋ ಎಂಬ ಭಯ. ಆ ಭಯಕ್ಕೆ ಇನ್ನೂ ಜೋರಾಗಿ ತುಳಿಯುತ್ತಿದ್ದ. ಜನ ನಮ್ಮ ಬಸ್ಸನ್ನು ಕಂಡರೆ ಜಟಕಾ ಹತ್ತತೊಡಗಿದರು. ಕೊನೆಗೆ ಪಾಷಾ ಹೇಳಿಯೇಬಿಟ್ಟರು: ಮೈಸೂರಿನಿಂದ ಎಣ್ಣೆ ಬ್ರೇಕು ಗೊತ್ತಿರುವ ಡ್ರೈವರನನ್ನು ಕರೆಸುತ್ತೇನೆ, ನೀನು ಬೇರೆ ಕೆಲಸ ನೋಡಿಕೋ.

ಚಿಕ್ಕಬೋರಯ್ಯನ ಮುಖ ನೋಡಲಾಗಲಿಲ್ಲ. ಎತ್ತು ಮಾರಿಯಾಗಿತ್ತು, ಆದರೆ ದುಃಖ ಅದರದಲ್ಲ. ಅವನಿಗೆ ಆ ಸೀಟು ಬೇಕಾಗಿತ್ತು. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಸ್ಟೀರಿಂಗನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ ಮನುಷ್ಯ ಅವನು. ಡ್ರೈವರ್‌ಗಳ ಜಾತಿಗೇ ಸಲ್ಲದಷ್ಟು ಒಳ್ಳೆಯವನೆಂದು ನನಗೂ ಸಂಕಟವಾಯಿತು.

ಅದೇ ವಾರ ಪಟ್ಟಲಮ್ಮ ಯಾವುದೋ ಕೆಲಸಕ್ಕೆ ಮದ್ದೂರಿಗೆ ಹೊರಟಳು. ಗಂಡನ ಬಸ್ಸಿನಲ್ಲೇ ಕೂತಳು, ಎಲ್ಲರಂತೆ ಮುಗ್ಗರಿಸಿ ಬಿದ್ದಳು. ಎದ್ದವಳು ಸೀರೆ ಕೊಡವಿಕೊಂಡು ನೇರ ಅವನ ಪಕ್ಕಕ್ಕೆ ಬಂದು ನಿಂತಳು.

"ಅಲ್ಲ, ಗಾಡಿ ಹೊಡೀವಾಗ ಬೇಕಾದಷ್ಟು ಸಲ ನಿನ್ ಹಿಂದೆ ಕುಂತಿವ್ನಿ. ಒಂದಿನ ಬಿದ್ದಿವ್ನಾ? ಆವಾಗ ಹೋ ಅಂತಿದ್ದೆ. ಆ ಹೋ ಮುಗಿಯಗಂಟ ಹಗ್ಗ ಎಳೀತಿದ್ದೆ. ಈಗ ಬಾಯಿ ಮುಚ್ಕಂಡು ಕಾಲು ಕುಕ್ತೀಯ. ನಿನ್ ಕಾಲ್ಗೆ ಏನ್ ಗೊತ್ತು? ಬಾಯೇ ಅದುಕ್ಕೆ ದಾರಿ ತೋರ್ಸೋದು."

ಸಂಜೆ ನಾನು ಇದನ್ನು ಹೇಳಿದಾಗ ಖಾಸಿಂ ಮೊದಲು ನಕ್ಕ, ಆಮೇಲೆ ತಲೆ ಕೆರೆದುಕೊಂಡ. ಮಾರನೆಯ ದಿನ ಟ್ರಿಪ್ಪು ಮುಗಿದ ಮೇಲೆ ಖಾಲಿ ಬಸ್ಸನ್ನು ಕೆರೆ ಏರಿಯ ಮೇಲೆ ತಂದೆವು. ಖಾಸಿಂ ಒಂದು ಚೊಂಬು ನೀರು ತುಂಬಿ ಬಸ್ಸಿನ ನಡುವೆ ಇಟ್ಟ. "ಕೂಗು. ಕೂಗು ಎಷ್ಟುದ್ದ ಓಯ್ತದೋ ಅಷ್ಟುದ್ದ ಕಾಲು ಇಳಿಸು" ಎಂದ. ಮೊದಲ ಸಲ ಚೊಂಬೇ ಉರುಳಿತು. ಎರಡನೆಯ ಸಲ ಅರ್ಧ ನೀರು ಚೆಲ್ಲಿತು. ಕತ್ತಲಾಗುವ ಹೊತ್ತಿಗೆ ಚಿಕ್ಕಬೋರಯ್ಯ "ಹೋ..." ಎಂದು ಉಸಿರು ಬಿಟ್ಟಂತೆಲ್ಲ ಕಾಲು ತಾನಾಗಿ ಇಳಿಯುತ್ತಿತ್ತು, ಉಸಿರು ಮುಗಿದಲ್ಲಿ ಬಸ್ಸು ನಿಲ್ಲುತ್ತಿತ್ತು, ಚೊಂಬಿನ ಬಾಯಲ್ಲಿ ನೀರು ಅಲುಗಿ ಸುಮ್ಮನಾಗುತ್ತಿತ್ತು. ಅವನು ಇಳಿದು ಬಂದು ಬಗ್ಗಿ ಆ ಪೈಪನ್ನು ಕೈಯಿಂದ ಸವರಿದ.

"ಇಡ್ಕತದೆ ಕಣ್ಲಾ ಖಾಸಿಂ. ಎಣ್ಣೆನೂ ಇಡ್ಕತದೆ" ಎಂದ. ಆ ದಿನ ನಾವು ಮೂವರೂ ಕುಣಿಯುವುದೊಂದು ಬಾಕಿ.

ಆದರೆ ಕೂಗುವಂತಿಲ್ಲವಲ್ಲ! ಮಾಲೀಕರ ಅಪ್ಪಣೆ ಹಾಗೇ ಇತ್ತು. ನಾನು ದಿನದ ಟಿಕೆಟ್ ಚೀಲ ಒಪ್ಪಿಸಲು ಅವರ ಮನೆಗೆ ಹೋದಾಗ ಧೈರ್ಯ ಮಾಡಿ ವಿಷಯ ಎತ್ತಿದೆ. ಪಾಷಾ ಕೇಳುವ ಸ್ಥಿತಿಯಲ್ಲಿರಲಿಲ್ಲ. ಅವರ ಮಗಳು ಸುರಯ್ಯಾ ಚೊಚ್ಚಲ ಬಸುರಿ. ಕಿರುಗಾವಲಿನ ಗಂಡನ ಮನೆಯಿಂದ ಅವಳನ್ನು ಹೆರಿಗೆಗೆ ಕರೆತರಬೇಕಾಗಿತ್ತು. "ಅವನ ಕೈಗೆ ನನ್ನ ಮಗಳನ್ನ ಕೊಡಲಾ? ಮೈಸೂರಿನವನು ಬರಲಿ, ಆಮೇಲೆ ಕರ್ಕೊಂಡು ಬಂದ್ರಾಯ್ತು" ಎಂದು ಗುಡುಗಿದರು.

ಬಾಗಿಲ ಪರದೆಯ ಆಚೆಯಿಂದ ಅವರ ಹೆಂಡತಿ ಖುರ್ಷೀದ್ ಬೇಗಂ ಮಾತಾಡಿದರು. "ನೀವು ಬಸ್ಸಲ್ಲಿ ಮುಂದೆ ಕೂತು ರಸ್ತೆ ನೋಡ್ತೀರ. ಪರದೆ ಹಿಂದೆ ನಮಗೆ ಏನು ಕಾಣ್ತದೆ? ಅವನು ಹೋ ಅಂದ್ರೆ ಇಳಿಜಾರು ಬಂತು, ದನ ಅಡ್ಡ ಬಂತು ಅಂತ ಕಂಬಿ ಹಿಡ್ಕೊಳ್ತಿದ್ವಿ. ಇಷ್ಟು ವರ್ಷ ಒಂದು ಸಲ ಬಿದ್ದಿಲ್ಲ. ನೀವು ಅವನ ಬಾಯಿ ಕಟ್ಟಿದ್ರಿ, ನಮ್ಮ ಹಣೆ ಊದ್ಕೊಂಡಿತು. ಸುರಯ್ಯಾ ಸಣ್ಣವಳಿದ್ದಾಗಿಂದ ಆ ಕೂಗು ಕೇಳಿಕೊಂಡೇ ಓಡಾಡಿದವಳು. ಅವನೇ ಕರ್ಕೊಂಡು ಬರಲಿ, ಕೂಗಿಕೊಂಡೇ ಬರಲಿ."

ಪಾಷಾ ಸಾಹೇಬರು ಊರಿಗೆಲ್ಲ ಹುಲಿ, ಆ ಪರದೆಯ ಮುಂದೆ ಮಾತ್ರ ಅವರ ಮೀಸೆ ಇಳಿಯುತ್ತಿತ್ತು. ಒಪ್ಪಿದರು. ಆದರೆ ಚಿಕ್ಕಬೋರಯ್ಯನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದರು: "ಬ್ರೇಕಿಂದ ನನ್ನ ಮಗಳಿಗೆ ಒಂದು ಕುಲುಕು ಬಿದ್ರೂ ಬಸ್ಸಿನ ಕೀಲಿ ನನ್ನ ಕೈಗೆ ಕೊಟ್ಟು ಇಳಿದುಬಿಡು."

"ಆಗ್ಲಿ ಸಾಮಿ" ಎಂದ ಅವನು.

ಕಿರುಗಾವಲಿನಲ್ಲಿ ಸುರಯ್ಯಾಳನ್ನು ಹತ್ತಿಸಿಕೊಂಡೆವು. ಅವಳು ಕರೆತರಲು ಬಂದಿದ್ದ ತಾಯಿಯೊಂದಿಗೆ ಪರದೆಯ ಹಿಂದೆ ಕೂತಳು. ಪಾಷಾ ಡ್ರೈವರನ ಪಕ್ಕದಲ್ಲಿ ರಸ್ತೆಯನ್ನು ಬಿಟ್ಟು ಅವನ ಪಾದವನ್ನೇ ನೋಡುತ್ತ ಕೂತರು. ತಿರುವು ಬಂತು, ಎಮ್ಮೆ ಬಂತು, ಶಾಲೆ ಬಿಟ್ಟ ಮಕ್ಕಳು ಬಂದರು. ಪ್ರತಿ ಸಲವೂ ಕೂಗು, ಪ್ರತಿ ಸಲವೂ ಬಸ್ಸು ಹಂಸದಂತೆ ನಿಂತು ಹೊರಟಿತು. ನನಗೆ ಉಸಿರು ಹಗುರಾಗುತ್ತ ಬಂತು.

ಆಗ ಕೆರೆಯ ಇಳಿಜಾರಿನ ತಿರುವಿನಲ್ಲಿ ಒಂದು ಬಂಡೂರು ಕುರಿಮಂದೆ ಇಡೀ ರಸ್ತೆ ತುಂಬಿಕೊಂಡು ಎದುರಾಯಿತು. ಗಿಡ್ಡ ಕಾಲು, ದುಂಡು ಮೈ, ಮುದ್ದಾದ ಕುರಿಗಳು. ಹಾರನ್ನು ಹೊಡೆದರೆ ಬೆದರಿ ಬಸ್ಸಿನ ಅಡಿಗೇ ನುಗ್ಗುತ್ತವೆ. ಪಾಷಾ ಎರಡು ಕೈಯಲ್ಲೂ ಸೀಟು ಹಿಡಿದುಕೊಂಡರು. ನಾನು ಕಣ್ಣು ಮುಚ್ಚಿದೆ. ಚಿಕ್ಕಬೋರಯ್ಯನ ಗಂಟಲಿನಿಂದ ಕೂಗು ಹೊರಟಿತು, ಅವಸರವಿಲ್ಲದೆ, ಭಯವಿಲ್ಲದೆ, ಕೆರೆಯ ಆಚೆ ದಡಕ್ಕೂ ಕೇಳುವಂತೆ. ಅದು ಮುಗಿದಾಗ ನಾನು ನಿಂತಲ್ಲೇ ನಿಂತಿದ್ದೆ. ಕಣ್ಣು ಬಿಟ್ಟರೆ ಒಂದು ಕುರಿ ನಮ್ಮ ಬಸ್ಸಿನ ಜಾಲರಿಯನ್ನು ಮೂಸುತ್ತಿತ್ತು. ಕುರಿಗಳೆಲ್ಲ ದಾಟಿದ ಮೇಲೆ ಮುಂದೆ ಹೊರಟೆವು. ಪಾಷಾ ಮತ್ತೆ ಅವನ ಪಾದದ ಮೇಲೇ ಕಣ್ಣು ನೆಟ್ಟರು. ಅವರಿಗೆ ಒಪ್ಪಿಗೆಯಾಯಿತೋ ಇಲ್ಲವೋ ನಮಗಾರಿಗೂ ತಿಳಿಯಲಿಲ್ಲ.

ಮಳವಳ್ಳಿಯಲ್ಲಿ ಅವರ ಮನೆಯ ಮುಂದೆ ಬಸ್ಸು ನಿಂತಿತು. ಚಿಕ್ಕಬೋರಯ್ಯ ಕೀಲಿ ತೆಗೆದು ಅಂಗೈಯಲ್ಲಿಟ್ಟುಕೊಂಡು ಕಾದ. ಪರದೆಯ ಆಚೆ ಸದ್ದೇ ಇಲ್ಲ. ಪಾಷಾ ಗಾಬರಿಯಾಗಿ ಎದ್ದು ಪರದೆ ಸರಿಸಿದರು. ಸುರಯ್ಯಾ ತಾಯಿಯ ಭುಜಕ್ಕೆ ತಲೆಯಿಟ್ಟು ಗಾಢ ನಿದ್ದೆಯಲ್ಲಿದ್ದಳು. ಬೆಳಕು ಬಿದ್ದು ಅರ್ಧ ಕಣ್ಣು ತೆರೆದಳು.

"ಯಾಕೆ ಅಬ್ಬಾಜಾನ್, ಬಸ್ಸು ಇನ್ನೂ ಹೊರಟಿಲ್ವಾ?"

ಚಿಕ್ಕಬೋರಯ್ಯನ ಕಣ್ಣಲ್ಲಿ ನೀರು ಬಂತು. ಸುಳ್ಳು ಯಾಕೆ, ನನಗೂ ಬಂತು. ಪಾಷಾ ಮಗಳ ತಲೆ ಸವರಿ ಕೆಳಗಿಳಿಸಿದರು, ಮನೆಯೊಳಗೆ ಬಿಟ್ಟು ಮತ್ತೆ ಬಸ್ಸಿನ ಬಳಿಗೆ ಬಂದರು. ಕೀಲಿ ಚಾಚಿ ನಿಂತಿದ್ದ ಚಿಕ್ಕಬೋರಯ್ಯನನ್ನು ಮೇಲಿಂದ ಕೆಳಗೆ ನೋಡಿದರು.

"ಕೀಲಿ ಯಾಕೋ ತೆಗೆದೆ?" ಎಂದು ಗದರಿದರು. "ಮದ್ದೂರಲ್ಲಿ ರೈಲು ಇಳಿದ ಜನ ಕಾಯ್ತಿರ್ತಾರೆ. ಅವರನ್ನ ಯಾರು ಕರ್ಕೊಂಡು ಬರ್ತಾರೆ, ನಾನಾ?"